ಜೇಜುರಿಯ ಮೆಟ್ಟಿಲು, ತಲೆಗೆ ಪೆಟ್ಟು, ಮೊದಲ ಕೆಲವು ಗಂಟೆಗಳು

ಪುಣೆಯಿಂದ ಹಡಪಸರ, ದಿವೆ ಘಾಟಿ, ಸಾಸವಡ ದಾಟಿ ಸುಮಾರು 50 ಕಿಲೋಮೀಟರ್ ಬಂದರೆ ಜೇಜುರಿ. ಮರಾಠಿಗರ ಖಂಡೋಬಾ, ನಮ್ಮ ಮೈಲಾರಲಿಂಗ, ಮಲ್ಲಯ್ಯ ಇರುವ ಗುಡ್ಡ. ಸೋಮವತಿ ಅಮಾವಾಸ್ಯೆ, ಚಂಪಾಷಷ್ಠಿ ಬಂದರೆ ಬೆಳಗಾವಿ, ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯ ಮಂದಿ ಟೆಂಪೊ, ಕ್ರೂಸರ್, ಬೈಕು ಕಟ್ಟಿಕೊಂಡು ಬರುತ್ತಾರೆ. ಹಿಡಿ ಹಿಡಿ ಭಂಡಾರ ಎರಚಿ ಇಡೀ ಗುಡ್ಡ ಹಳದಿಯಾಗುತ್ತದೆ. ಆ ಅರಿಶಿನದ ಪುಡಿ ಕಲ್ಲಿನ ಮೆಟ್ಟಿಲ ಮೇಲೆ ಪದರಾಗಿ ಕೂತಾಗ ಬರಿಗಾಲಿಗೂ ಹಿಡಿತ ಸಿಗುವುದಿಲ್ಲ. ಮೆಟ್ಟಿಲಿಂದ ಬಿದ್ದವರು, ಟೆಂಪೊದ ಹಿಂಬದಿಯಿಂದ ಉರುಳಿದವರು, ಹೆಲ್ಮೆಟ್ ಇಲ್ಲದೆ ಮೂವರು ಕೂತ ಬೈಕಿನಿಂದ ಎಸೆಯಲ್ಪಟ್ಟವರು. ಈ ಸೀಮೆಯಲ್ಲಿ ತುರ್ತು ಚಿಕಿತ್ಸೆಯ ವೈದ್ಯನಾಗಿ ದುಡಿಯುತ್ತ ನಾನು ನೋಡಿದ ತಲೆಪೆಟ್ಟುಗಳು ಬಹುಮಟ್ಟಿಗೆ ಈ ಮೂರು ಬಗೆಯವು.

ತಲೆಗೆ ಬಿದ್ದ ಮೊದಲ ಪೆಟ್ಟನ್ನು ಯಾವ ವೈದ್ಯನೂ ಹಿಂದಕ್ಕೆ ತೆಗೆದುಕೊಳ್ಳಲಾರ. ಆದರೆ ಅದರ ಬೆನ್ನಿಗೇ ಎರಡನೆಯದೊಂದು ಬೀಳುತ್ತದೆ. ಉಸಿರು ಸಾಲದೆ, ರಕ್ತದೊತ್ತಡ ಕುಸಿದು, ಬುರುಡೆಯೊಳಗೆ ಒತ್ತಡ ಏರಿ, ಉಳಿದಿದ್ದ ಮೆದುಳೂ ಸಾಯತೊಡಗುತ್ತದೆ. ಅದು ನಮ್ಮ ಕಣ್ಣೆದುರೇ, ಮೊದಲ ಕೆಲವು ಗಂಟೆಗಳಲ್ಲಿ, ನರಶಸ್ತ್ರಚಿಕಿತ್ಸಕರೇ ಇಲ್ಲದ ಊರಿನಲ್ಲಿ ನಡೆಯುತ್ತದೆ. ಕೆಳಗಿನ ಪಾಠಗಳೆಲ್ಲ ಅದನ್ನು ತಡೆಯುವುದರ ಕುರಿತು. ಚಿಕ್ಕ ಆಸ್ಪತ್ರೆಗಳಲ್ಲಿ ರಾತ್ರಿ ಡ್ಯೂಟಿ ಮಾಡುವ ಕಿರಿಯ ವೈದ್ಯರನ್ನೂ ಸಿಸ್ಟರ್‌ಗಳನ್ನೂ ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಉಳಿದವರೂ ಓದಿದರೆ ಸಂತೋಷ, ಏಕೆಂದರೆ ಗಾಯಾಳುವಿನ ಪಕ್ಕ ಮೊದಲು ಇರುವವರು ಅವರೇ.

1. ಮೊದಲು ಮುಖ ತೊಳೆಯಿರಿ

ಜಾತ್ರೆಯ ದಿನ ಬರುವ ಗಾಯಾಳುವಿನ ಮುಖ, ಕೂದಲು, ಕಿವಿ, ಅಂಗಿ ಎಲ್ಲವೂ ಅರಿಶಿನ. ಗಾಯವಾದರೆ ರಕ್ತ ನಿಲ್ಲಲೆಂದು ಜೊತೆಗಿದ್ದವರು ಅದರ ಮೇಲೂ ಮುಷ್ಟಿಗಟ್ಟಲೆ ಭಂಡಾರ ಒತ್ತಿರುತ್ತಾರೆ. ಆ ಹಳದಿಯ ಕೆಳಗೆ ಮುಖ ಬಿಳಿಚಿಕೊಂಡಿದ್ದರೆ ಕಾಣುವುದಿಲ್ಲ, ತುಟಿ ನೀಲಿಗಟ್ಟಿದ್ದರೆ ಕಾಣುವುದಿಲ್ಲ, ಕಣ್ಣಿನ ಸುತ್ತ ಕಪ್ಪುಗಟ್ಟುತ್ತಿರುವುದೂ ಕಾಣುವುದಿಲ್ಲ. ಒಂದು ಬಾಟಲಿ ನಾರ್ಮಲ್ ಸಲೈನ್, ಒಂದಿಷ್ಟು ಗಾಜ್. ಕುತ್ತಿಗೆ ಅಲುಗದಂತೆ ಒಬ್ಬರು ತಲೆ ಹಿಡಿದುಕೊಂಡಿರಲಿ, ಇನ್ನೊಬ್ಬರು ತೊಳೆಯಲಿ. ಎರಡು ನಿಮಿಷದ ಕೆಲಸ.

ತೊಳೆದ ಮೇಲೆ ನೋಡಬೇಕಾದ್ದು ಕಿವಿ ಮತ್ತು ಮೂಗು. ತೆಳ್ಳನೆಯ ನೀರು ಸೋರುತ್ತಿದ್ದರೆ, ಕಿವಿಯ ತಮಟೆಯ ಹಿಂದೆ ರಕ್ತ ಕಂಡರೆ ಬುರುಡೆಯ ತಳ ಬಿರುಕು ಬಿಟ್ಟಿರಬಹುದು. ಕಿವಿಯ ಹಿಂದಿನ ಕಪ್ಪು ಕಲೆ ಕಾಣಿಸಿಕೊಳ್ಳಲು ಒಂದೆರಡು ದಿನವೇ ಹಿಡಿಯುತ್ತದೆ, ಅದು ಇಲ್ಲ ಎಂದು ನಿಶ್ಚಿಂತೆಯಿಂದ ಕೂರಬಾರದು. ಸೋರುವ ಕಿವಿಗೆ ಹತ್ತಿ ತುರುಕಬೇಡಿ. ಇಂಥವರ ಮೂಗಿನೊಳಗೆ ರೈಲ್ಸ್ ಟ್ಯೂಬ್ ಹಾಕಲೇಬೇಡಿ, ಅಗತ್ಯವಿದ್ದರೆ ಬಾಯಿಯ ಮೂಲಕ.

ಕಣ್ಣುಪಾಪೆಯ ಬಗ್ಗೆ ಒಂದು ಮಾತು. ಅರಿಶಿನ ಬಿದ್ದ ಕಣ್ಣು ಕೆಂಪಾಗುತ್ತದೆ, ನೀರು ಸುರಿಸುತ್ತದೆ, ರೋಗಿ ರೆಪ್ಪೆ ಬಿಗಿಹಿಡಿಯುತ್ತಾನೆ. ಆದರೆ ಅರಿಶಿನದಿಂದ ಪಾಪೆ ಹಿಗ್ಗುವುದಿಲ್ಲ. ಒಂದು ಕಡೆಯ ಪಾಪೆ ದೊಡ್ಡದಾಗಿ, ಟಾರ್ಚಿನ ಬೆಳಕಿಗೆ ಕುಗ್ಗದೆ ನಿಂತಿದ್ದರೆ ಒಳಗೆ ಮೆದುಳು ಜರುಗುತ್ತಿದೆ ಎಂದೇ ತಿಳಿಯಿರಿ. ಮುದುಕರಲ್ಲಿ ಕಣ್ಣಿನ ಪೊರೆಯ ಆಪರೇಶನ್ ಆಗಿದೆಯೇ ಎಂದು ಮನೆಯವರನ್ನು ಕೇಳಿ. ಅಂಥ ಪಾಪೆ ಮೊದಲೇ ಓರೆಕೋರೆಯಾಗಿರಬಹುದು.

2. ಉಸಿರು ಮತ್ತು ಬಿಪಿ ಮೊದಲು, ಸ್ಕ್ಯಾನ್ ಆಮೇಲೆ

ತಲೆಗೆ ಪೆಟ್ಟು ಎಂದ ಕೂಡಲೇ ಎಲ್ಲರ ಬಾಯಲ್ಲೂ ‘ಸಿಟಿ ಎಲ್ಲಿ ಮಾಡಿಸೋದು’ ಎಂಬ ಪ್ರಶ್ನೆ. ನನ್ನ ಪ್ರಶ್ನೆ ಬೇರೆ. ಆಕ್ಸಿಜನ್ ಎಷ್ಟಿದೆ? ಮೇಲಿನ ಬಿಪಿ ಎಷ್ಟಿದೆ? ಅಮೆರಿಕದಲ್ಲಿ ತೀವ್ರ ತಲೆಪೆಟ್ಟಿನ ರೋಗಿಗಳ ದಾಖಲೆ ಕಲೆಹಾಕಿ 1993ರಲ್ಲಿ ಪ್ರಕಟವಾದ ಅಧ್ಯಯನವೊಂದು ನಮ್ಮ ವೃತ್ತಿಯ ದಾರಿಯನ್ನೇ ಬದಲಿಸಿತು. ಮೇಲಿನ ಬಿಪಿ ಒಂದೇ ಒಂದು ಸಲ 90ಕ್ಕಿಂತ ಕೆಳಗೆ ಇಳಿದಿದ್ದವರಲ್ಲಿ ಸಾವಿನ ಪ್ರಮಾಣ ಸುಮಾರು ಎರಡು ಪಟ್ಟು. ಈಗಿನ ಮಾರ್ಗಸೂಚಿ ಇನ್ನೂ ಬಿಗಿಯಾಗಿದೆ. 50ರಿಂದ 69 ವಯಸ್ಸಿನವರಿಗೆ ಕನಿಷ್ಠ 100, ಅದಕ್ಕಿಂತ ಕಿರಿಯ ವಯಸ್ಕರಿಗೂ 70 ದಾಟಿದವರಿಗೂ ಕನಿಷ್ಠ 110.

ಕಾರಣ ಸರಳ. ಬುರುಡೆ ಹಿಗ್ಗುವುದಿಲ್ಲ. ಒಳಗಿರುವುದು ಮೆದುಳು, ರಕ್ತ, ಮೆದುಳುನೀರು ಮೂರೇ. ಬಾವು ಬಂದೋ ರಕ್ತ ಹೆಪ್ಪುಗಟ್ಟಿಯೋ ಒಳಗಿನ ಒತ್ತಡ ಏರಿದಾಗ, ಅದನ್ನು ಮೀರಿ ರಕ್ತವನ್ನು ಒಳಗೆ ತಳ್ಳುವುದು ಬಿಪಿಯೊಂದೇ. ಅದು ಬಿದ್ದರೆ ಮೆದುಳಿಗೆ ರಕ್ತವಿಲ್ಲ.

ಹಾಗಾಗಿ ಬಿಪಿ ಕುಸಿದಿದ್ದರೆ ‘ತಲೆಪೆಟ್ಟಿನಿಂದ ಹೀಗಾಗಿದೆ’ ಎಂದುಕೊಳ್ಳಬೇಡಿ. ದೊಡ್ಡವರಲ್ಲಿ ಬುರುಡೆಯೊಳಗಿನ ರಕ್ತಸ್ರಾವದಿಂದಲೇ ಶಾಕ್ ಆಗುವುದು ತೀರ ಅಪರೂಪ. ಹೊಟ್ಟೆ, ಎದೆ, ಸೊಂಟದ ಮೂಳೆ, ತೊಡೆ ಹುಡುಕಿ. ಹಾಗೆಯೇ ನೆತ್ತಿಯ ಗಾಯ ಕೂಡ. ನೆತ್ತಿಯ ಚರ್ಮದಿಂದ ಸುರಿಯುವ ರಕ್ತವನ್ನು ನಮ್ಮವರು ಕೇವಲವಾಗಿ ಕಾಣುತ್ತಾರೆ, ಮೇಲೊಂದು ಬ್ಯಾಂಡೇಜ್ ಸುತ್ತಿ ಕಳಿಸಿಬಿಡುತ್ತಾರೆ. ಪುಣೆ ತಲುಪುವಷ್ಟರಲ್ಲಿ ಬ್ಯಾಂಡೇಜ್, ದಿಂಬು, ಸ್ಟ್ರೆಚರ್ ಎಲ್ಲ ತೊಯ್ದಿರುತ್ತದೆ. ಕಳಿಸುವ ಮುಂಚೆ ದೊಡ್ಡ ಹೊಲಿಗೆ ಹಾಕಿ ರಕ್ತ ನಿಲ್ಲಿಸಿ. ಚೆಂದ ಆಮೇಲೆ ನೋಡಿಕೊಂಡರಾಯಿತು.

ಸಲೈನ್ ಕೊಡುವುದಾದರೆ ನಾರ್ಮಲ್ ಸಲೈನ್. 5 ಪರ್ಸೆಂಟ್ ಡೆಕ್ಸ್‌ಟ್ರೋಸ್ ಬೇಡ, ಅದು ಮೆದುಳಿನ ಬಾವು ಹೆಚ್ಚಿಸುತ್ತದೆ. ಸಕ್ಕರೆ ಇಳಿದಿದೆಯೇ ಎಂದು ಮಾತ್ರ ಗ್ಲೂಕೋಮೀಟರಿನಲ್ಲಿ ತಪ್ಪದೆ ನೋಡಿ. ಜಾತ್ರೆಯ ಉಪವಾಸದಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಗುಡ್ಡ ಹತ್ತಿದವರು ಸಕ್ಕರೆ ಇಳಿದೇ ಬಿದ್ದಿರಬಹುದು.

ಆಂಬು ಬ್ಯಾಗ್ ಒತ್ತುವಾಗ ಗಾಬರಿಯಿಂದ ಪಟಪಟ ಒತ್ತುವುದು ಎಲ್ಲ ಕಡೆ ಕಂಡಿದ್ದೇನೆ. ಜೋರಾಗಿ ಉಸಿರು ತುಂಬಿದಷ್ಟೂ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಅದು ಇಳಿದರೆ ಮೆದುಳಿನ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ದೊಡ್ಡವರಿಗೆ ನಿಮಿಷಕ್ಕೆ 10-12 ಸಲ ಸಾಕು. ಬಾಯಲ್ಲಿ ಎಣಿಸಿಕೊಂಡೇ ಒತ್ತಿ.

3. ಎಚ್ಚರದ ಅಂಕವನ್ನು ರೋಗಿಯ ಭಾಷೆಯಲ್ಲೇ ಅಳೆಯಿರಿ

ಗ್ಲಾಸ್ಗೋದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ 1974ರಲ್ಲಿ ಕೊಟ್ಟ ಅಳತೆಗೋಲನ್ನು ನಾವು ಇಂದಿಗೂ ಬಳಸುತ್ತೇವೆ. ನಮ್ಮ ಆಡುಮಾತಿನಲ್ಲಿ ಜಿಸಿಎಸ್. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲು ಆಡಿಸುವುದಕ್ಕೆ 6, ಒಟ್ಟು 15. ಎಂಟು ಅಥವಾ ಅದಕ್ಕಿಂತ ಕಡಿಮೆ ಬಂದರೆ ತೀವ್ರ ಪೆಟ್ಟು, ಉಸಿರಿನ ದಾರಿಯನ್ನು ರೋಗಿ ತಾನೇ ಕಾಪಾಡಿಕೊಳ್ಳಲಾರ, ಟ್ಯೂಬ್ ಹಾಕುವ ಸಿದ್ಧತೆ ಬೇಕು.

ಇಷ್ಟು ಎಲ್ಲರಿಗೂ ಬಾಯಿಪಾಠ. ಆದರೆ ಆ ಐದು ಅಂಕದ ‘ಮಾತು’ ಯಾವ ಭಾಷೆಯದು? ವಿಜಯಪುರ ಜಿಲ್ಲೆಯ ಹಿರಿಯರೊಬ್ಬರು ಮೆಟ್ಟಿಲಿಂದ ಬಿದ್ದು ಬಂದಿದ್ದರು. ಡ್ಯೂಟಿಯಲ್ಲಿದ್ದ ಮರಾಠಿ ಹುಡುಗ ಒಳ್ಳೆಯ ವೈದ್ಯ, ಶ್ರದ್ಧೆಯಿಂದ ಮರಾಠಿಯಲ್ಲಿ, ಆಮೇಲೆ ಹಿಂದಿಯಲ್ಲಿ ಕೇಳಿದ. ಉತ್ತರವಾಗಿ ಬಂದದ್ದು ಅವನಿಗೆ ಅರ್ಥವಾಗದ ಗೊಣಗಾಟ. ಮಾತಿಗೆ 2 ಎಂದು ಬರೆದ, ಕೈ ಎತ್ತೆಂದರೆ ಎತ್ತಲಿಲ್ಲ ಎಂದು ಚಲನೆಯಲ್ಲೂ ಒಂದು ಅಂಕ ಕಳೆದ. ನಾನು ಹತ್ತಿರ ಹೋಗಿ ಕೇಳಿದೆ: “ಅಜ್ಜಾ, ಈಗ ಎಲ್ಲಿ ಅದೀರಿ?”

“ಜೇಜೂರ್ಯಾಗ ಅದೀನ್ರೀ, ಮಲ್ಲಯ್ಯನ ಗುಡ್ಡಕ್ಕ ಬಂದೀವಿ. ನಮ್ಮ ಮಂದಿ ಎಲ್ಲಿ ಹ್ವಾದ್ರು?”

“ಎರಡು ಬೆರಳು ತೋರಸ್ರಿ.” ತೋರಿಸಿದರು. 11 ಇದ್ದದ್ದು 15 ಆಯಿತು.

ಇದು ಒಳ್ಳೆಯ ಕಡೆಗೆ ತಿರುಗಿದ ಪ್ರಸಂಗ. ತಿರುವುಮುರುವೂ ಆಗುತ್ತದೆ, ಅದು ಹೆಚ್ಚು ಅಪಾಯ. ಭಾಷೆ ಗೊತ್ತಿಲ್ಲದ ವೈದ್ಯ ‘ಕನ್ನಡದಲ್ಲಿ ಏನೋ ಮಾತಾಡ್ತಿದ್ದಾರೆ, ಪರವಾಗಿಲ್ಲ’ ಎಂದು ಪೂರ್ತಿ ಅಂಕ ಕೊಟ್ಟುಬಿಡುತ್ತಾನೆ. ರೋಗಿ ಆಡುತ್ತಿರುವುದು ಸತ್ತುಹೋದ ತಮ್ಮನ ಜೊತೆ ಹೊಲದ ಲೆಕ್ಕ. ಅದು ಮರಾಠಿಯವರಿಗೆ ತಿಳಿಯುವುದು ಹೇಗೆ? ಮನೆಯವರನ್ನು ಹೊರಗೆ ನಿಲ್ಲಿಸಬೇಡಿ. ಒಬ್ಬರನ್ನು ಒಳಗೆ ಕರೆದು ಅವರ ಬಾಯಿಂದಲೇ ಕೇಳಿಸಿ: ಇಂದು ಯಾವ ವಾರ, ಯಾವ ಊರು, ಯಾಕೆ ಬಂದದ್ದು. ಉತ್ತರ ಸರಿಯೋ ಅಲ್ಲವೋ ಅವರು ಹೇಳುತ್ತಾರೆ. ಬೆಂಗಳೂರು, ಹುಬ್ಬಳ್ಳಿಯ ತುರ್ತು ವಾರ್ಡುಗಳಲ್ಲಿ ಬಿಹಾರ, ಒಡಿಶಾದ ಕಟ್ಟಡ ಕೆಲಸದವರು ಬಂದಾಗ ಇದೇ ತೊಡಕು ನಮ್ಮವರಿಗೂ ಎದುರಾಗುತ್ತದೆ.

ಒಟ್ಟು ಅಂಕ ಮಾತ್ರ ಬರೆಯಬೇಡಿ. ಕಣ್ಣಿಗೆ ಎಷ್ಟು, ಮಾತಿಗೆ ಎಷ್ಟು, ಚಲನೆಗೆ ಎಷ್ಟು ಎಂದು ಬಿಡಿಬಿಡಿಯಾಗಿ, ಗಂಟೆ ಸಮೇತ ಬರೆಯಿರಿ. ಮೊದಲ ಎರಡು ತಾಸು ಅರ್ಧ ಗಂಟೆಗೊಮ್ಮೆ. ಒಂದು ಸಲದ ಅಂಕಕ್ಕಿಂತ ಅದು ಯಾವ ಕಡೆಗೆ ಸಾಗುತ್ತಿದೆ ಎಂಬುದರಲ್ಲಿ ರೋಗಿಯ ಭವಿಷ್ಯವಿದೆ. ಎರಡು ಅಂಕ ಕುಸಿದರೆ ಮಲಗಿದ್ದ ಹಿರಿಯ ವೈದ್ಯರನ್ನು ಎಬ್ಬಿಸಿ, ಸಂಕೋಚ ಬೇಡ.

4. ಕುಡಿದಿದ್ದಾನೆ ಎಂಬುದು ರೋಗನಿದಾನವಲ್ಲ

ವಾಸನೆ ಬಂದ ತಕ್ಷಣ ಮೂಲೆಯ ಮಂಚಕ್ಕೆ ಹಾಕಿ ‘ಇಳಿಯಲಿ’ ಎನ್ನುವುದು ನಮ್ಮ ದೇಶದ ಎಲ್ಲ ಕ್ಯಾಜುವಲ್ಟಿಗಳ ಚಾಳಿ. ಕುಡಿದವನೇ ಹೆಚ್ಚು ಬೀಳುತ್ತಾನೆ, ಅವನ ರಕ್ತವೇ ಹೆಪ್ಪುಗಟ್ಟಲು ತಡ ಮಾಡುತ್ತದೆ. ಜಿಸಿಎಸ್ ಕಡಿಮೆಯಿದ್ದರೆ ಅದು ಮೆದುಳಿನ ಪೆಟ್ಟಿನಿಂದಲೇ ಎಂದು ನಂಬಿ ನಡೆಯಿರಿ, ಸಿಟಿ ಸರಿಯಿದ್ದರೆ ಆಮೇಲೆ ಮದ್ಯದ ಮೇಲೆ ಹೊರಿಸಿ.

5. ಗಲಾಟೆ ಮಾಡುವವನಿಗೆ ಸೂಜಿ ಚುಚ್ಚುವ ಮೊದಲು

ಕೈಕಾಲು ಒದರುತ್ತ, ಡ್ರಿಪ್ ಕಿತ್ತುಹಾಕುತ್ತ, ಮಂಚದಿಂದ ಏಳುವವನನ್ನು ನಾಲ್ಕು ಮಂದಿ ಅದುಮಿ ಹಿಡಿದಿರುತ್ತಾರೆ. ‘ಏನಾದರೂ ಕೊಟ್ಟು ಮಲಗಿಸಿ ಡಾಕ್ಟ್ರೇ’ ಎನ್ನುತ್ತಾರೆ. ಆಕ್ಸಿಜನ್ ಇಳಿದರೆ ಮನುಷ್ಯ ಹೀಗೇ ಆಡುತ್ತಾನೆ. ಬಿಪಿ ಇಳಿದರೂ, ಸಕ್ಕರೆ ಇಳಿದರೂ, ಮುರಿದ ತೊಡೆ ನೋಯುತ್ತಿದ್ದರೂ. ಎಲ್ಲರೂ ಮರೆಯುವ ಇನ್ನೊಂದಿದೆ: ಮೂತ್ರಕೋಶ ಉಬ್ಬಿರುವುದು. ಕೆಳಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ ಕ್ಯಾಥೆಟರ್ ಹಾಕಿದರೆ ಕೂಡಲೇ ಶಾಂತವಾಗುವ ಗಾಯಾಳುಗಳುಂಟು. ಇವೆಲ್ಲ ನೋಡಿಯಾದ ಮೇಲೂ ಮಲಗಿಸಲೇಬೇಕಿದ್ದರೆ ಟ್ಯೂಬ್ ಹಾಕಿ ಮಲಗಿಸಿ. ಅರೆಮಂಪರು ಮಾಡಿ ಆಂಬುಲೆನ್ಸಿಗೆ ಹತ್ತಿಸಿದರೆ ದಾರಿಯಲ್ಲಿ ಉಸಿರು ನಿಂತದ್ದೂ ಗೊತ್ತಾಗುವುದಿಲ್ಲ.

6. ಐದು ಮೆಟ್ಟಿಲು

ಚೆನ್ನಾಗಿ ಮಾತಾಡುತ್ತಿರುವ, 13ರಿಂದ 15 ಅಂಕವಿರುವ ಗಾಯಾಳುಗಳಲ್ಲಿ ಯಾರಿಗೆ ಸಿಟಿ ಬೇಕು? ಕೆನಡಾದ ವೈದ್ಯರು 2001ರಲ್ಲಿ ಇದಕ್ಕೊಂದು ನಿಯಮ ಕೊಟ್ಟರು. ಪೆಟ್ಟು ಬಿದ್ದಾಗ ಕ್ಷಣವಾದರೂ ಎಚ್ಚರ ತಪ್ಪಿದವರು, ನಡೆದದ್ದು ನೆನಪಿಲ್ಲದವರು, ಗೊಂದಲದಲ್ಲಿದ್ದವರಿಗೆ ಮಾತ್ರ ಅದು ಅನ್ವಯ. ಎರಡು ತಾಸಾದರೂ 15 ಮುಟ್ಟದವರು, ಎರಡು ಅಥವಾ ಹೆಚ್ಚು ಸಲ ವಾಂತಿ ಮಾಡಿದವರು, ಬುರುಡೆ ಒಡೆದ ಗುರುತಿರುವವರು, 65 ತುಂಬಿದವರು ಹೆಚ್ಚು ಅಪಾಯದವರು. ಬೀಳುವುದಕ್ಕೆ ಮುಂಚಿನ ಅರ್ಧ ಗಂಟೆ ನೆನಪಿಲ್ಲದವರು, ವಾಹನ ಬಡಿದ ಪಾದಚಾರಿ, ವಾಹನದಿಂದ ಹೊರಗೆ ಎಸೆಯಲ್ಪಟ್ಟವರು, ಮತ್ತು ಮೂರು ಅಡಿ ಅಥವಾ ಐದು ಮೆಟ್ಟಿಲ ಎತ್ತರದಿಂದ ಬಿದ್ದವರಿಗೂ ಮಾಡಿಸಬೇಕು.

ನೂರಾರು ಮೆಟ್ಟಿಲಿರುವ ಗುಡ್ಡದಲ್ಲಿ ಐದು ಎಂದರೆ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ‘ಏನಿಲ್ಲ, ನಾಕೈದು ಮೆಟ್ಟಿಲು ಉರುಳಿದ’ ಎನ್ನುತ್ತಾರೆ. ಆ ‘ನಾಕೈದ’ನ್ನು ಕೆದಕಿ ಕೇಳಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್‌ನಂಥ ಮಾತ್ರೆ ತಿನ್ನುವವರಿಗೂ ಫಿಟ್ಸ್ ಬಂದವರಿಗೂ ಈ ನಿಯಮದ ರಿಯಾಯಿತಿ ಇಲ್ಲ, ನೇರ ಸಿಟಿ. ಮಕ್ಕಳಿಗೂ ಇದು ಅನ್ವಯಿಸದು, ಅವರದು ಬೇರೆಯೇ ಲೆಕ್ಕ.

7. ಡೆಕ್ಸಾ ಬೇಡ

ಮೆದುಳು ಬಾತಿದೆ, ಸ್ಟೆರಾಯ್ಡ್ ಬಾವು ಇಳಿಸುತ್ತದೆ, ಆದ್ದರಿಂದ ಡೆಕ್ಸಾ ಕೊಡೋಣ ಎಂಬ ತರ್ಕ ಕೇಳಲು ಸೊಗಸು. 10,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಕ್ರ್ಯಾಶ್ ಅಧ್ಯಯನದಲ್ಲಿ (2004) ಸ್ಟೆರಾಯ್ಡ್ ಪಡೆದವರಲ್ಲಿ ಎರಡು ವಾರದೊಳಗೆ ಸತ್ತವರು 21.1%, ಪಡೆಯದವರಲ್ಲಿ 17.9%. ಇಷ್ಟು ವರ್ಷಗಳಾದರೂ ಹಳ್ಳಿಪೇಟೆಯ ರೆಫರಲ್ ಚೀಟಿಗಳಲ್ಲಿ ‘ಇಂಜೆಕ್ಷನ್ ಡೆಕ್ಸಾ ಕೊಟ್ಟಿದೆ’ ಎಂಬ ಸಾಲು ಓದುವಾಗ ನನಗೆ ಸಂಕಟವಾಗುತ್ತದೆ.

ತಲೆಪೆಟ್ಟು ಎಂದರೆ ಸಾಕು, ದಿನಕ್ಕೆ ಮೂರು ಸಲ 100 ಎಂಎಲ್ ಮ್ಯಾನಿಟಾಲ್ ಬರೆಯುವ ರೂಢಿಯೂ ಬಿಡಬೇಕಾದದ್ದು. ಪಾಪೆ ಹಿಗ್ಗುತ್ತಿದೆ, ಅಂಕ ಕುಸಿಯುತ್ತಿದೆ ಎಂದಾಗ ಅದು ಬೇಕು, ತೂಕಕ್ಕೆ ತಕ್ಕ ಪ್ರಮಾಣದಲ್ಲಿ, ಕ್ಯಾಥೆಟರ್ ಹಾಕಿಕೊಂಡು. ಬಿಪಿ ಕುಸಿದವನಿಗೆ ಕೊಟ್ಟರೆ ಮೂತ್ರವಾಗಿ ನೀರೆಲ್ಲ ಹೊರಟು ಬಿಪಿ ಇನ್ನೂ ಇಳಿಯುತ್ತದೆ. ಅಂಥವನಿಗೆ 3 ಪರ್ಸೆಂಟ್ ಸಲೈನ್ ಮೇಲು.

ಬಿಪಿ ಏರಿ, ನಾಡಿ ನಿಧಾನವಾಗಿ, ಉಸಿರಿನ ಲಯ ತಪ್ಪಿದರೆ ಅದು ಬುರುಡೆಯೊಳಗಿನ ಒತ್ತಡ ಮಿತಿಮೀರಿದ ಕುರುಹು. ‘ಬಿಪಿ 200 ಇದೆ’ ಎಂದು ಇಳಿಸುವ ಮದ್ದು ಕೊಟ್ಟರೆ ಮೆದುಳಿಗೆ ಉಳಿದಿದ್ದ ಕೊನೆಯ ಆಸರೆಯನ್ನೂ ಕಿತ್ತಂತೆ.

ಟ್ರಾನೆಕ್ಸಾಮಿಕ್ ಆ್ಯಸಿಡ್ ನಮ್ಮ ಎಲ್ಲ ಆಸ್ಪತ್ರೆಗಳಲ್ಲೂ ಸಿಗುವ ಅಗ್ಗದ ಮದ್ದು. 2019ರ ಕ್ರ್ಯಾಶ್-3 ಅಧ್ಯಯನದಲ್ಲಿ ಒಟ್ಟಾರೆ ಫಲ ನಿರ್ಣಾಯಕವಾಗಿರಲಿಲ್ಲ. ಪೆಟ್ಟು ಸೌಮ್ಯ ಅಥವಾ ಮಧ್ಯಮವಾಗಿದ್ದವರಲ್ಲಿ ಮೂರು ತಾಸಿನೊಳಗೆ ಕೊಟ್ಟಾಗ ಸಾವು ಕಡಿಮೆಯಾಯಿತು, ಬೇಗ ಕೊಟ್ಟಷ್ಟೂ ಲಾಭ. ಹತ್ತು ನಿಮಿಷದಲ್ಲಿ 1 ಗ್ರಾಂ, ಆಮೇಲೆ ಎಂಟು ತಾಸಿನಲ್ಲಿ ಇನ್ನೊಂದು ಗ್ರಾಂ. ಒಳಗೆ ರಕ್ತಸ್ರಾವವಿದೆ ಎಂಬ ಬಲವಾದ ಅನುಮಾನವಿದ್ದು ಮೂರು ತಾಸು ಮೀರಿರದಿದ್ದರೆ ನಾನು ಕೊಡುತ್ತೇನೆ.

ತಲೆಯ ಕಡೆಯ ಮಂಚ 30 ಡಿಗ್ರಿ ಏರಿಸಿ, ಕುತ್ತಿಗೆ ನೇರವಾಗಿರಲಿ, ಕಾಲರ್ ಕತ್ತು ಹಿಸುಕದಿರಲಿ. ಇದಕ್ಕೆ ಖರ್ಚೇ ಇಲ್ಲ.

8. ಸ್ಕ್ಯಾನ್ ಇರುವ ಕಡೆಗಲ್ಲ, ಆಪರೇಶನ್ ಆಗುವ ಕಡೆಗೆ

ಮೆದುಳಿನ ಹೊದಿಕೆಯ ಕೆಳಗೆ ರಕ್ತ ಹೆಪ್ಪುಗಟ್ಟಿ ಎಚ್ಚರ ತಪ್ಪಿದವರನ್ನು ನಾಲ್ಕು ತಾಸಿನೊಳಗೆ ಆಪರೇಶನ್ ಮಾಡಿದಾಗ ಸಾವು 30%, ತಡವಾದಾಗ 90% ಎಂದು 1981ರ ಒಂದು ಅಮೆರಿಕನ್ ಅಧ್ಯಯನ ತೋರಿಸಿತ್ತು. ಈಗಿನ ಅಂಕಿಗಳು ಅಷ್ಟು ಅಂತರ ತೋರಿಸದಿರಬಹುದು, ಗಡಿಯಾರ ಮಾತ್ರ ಅದೇ. ಜೇಜುರಿಯಿಂದ ಹೊರಟು ದಾರಿಯ ಮೊದಲ ಸ್ಕ್ಯಾನ್ ಸೆಂಟರಿನಲ್ಲಿ ಇಳಿಸಿ, ಫಿಲ್ಮ್ ಬರುವವರೆಗೆ ಕಾದು, ಮತ್ತೆ ಹತ್ತಿಸಿ, ಘಾಟಿ ಇಳಿದು ಹೋಗುವುದರಲ್ಲಿ ಆ ನಾಲ್ಕರಲ್ಲಿ ಎರಡು ತಾಸು ಕಳೆದುಹೋಗುತ್ತದೆ. ಅಂಕ ಕಡಿಮೆಯಿದ್ದವನನ್ನು ನರಶಸ್ತ್ರಚಿಕಿತ್ಸಕರೂ ಸಿಟಿಯೂ ಎರಡೂ ಇರುವ ಕಡೆಗೇ ಕಳಿಸಿ, ಪುಣೆಯ ಸಸೂನ್ ಆಸ್ಪತ್ರೆಯಾಗಲಿ ಹಡಪಸರದ ಖಾಸಗಿ ಆಸ್ಪತ್ರೆಯಾಗಲಿ. ಹೊರಡುವ ಮೊದಲು ಫೋನ್ ಮಾಡಿ ಮಂಚ ಖಾಲಿ ಇದೆಯೇ ಕೇಳಿ. ಚೀಟಿಯಲ್ಲಿ ಪೆಟ್ಟು ಬಿದ್ದ ಗಂಟೆ, ಆಗ ಎಚ್ಚರವಿತ್ತೇ, ಬಿಡಿ ಅಂಕಗಳು, ಎರಡೂ ಪಾಪೆ, ಬಿಪಿ, ಕೊಟ್ಟ ಮದ್ದು. ಇಷ್ಟೇ ಸಾಕು, ಪುಟ ತುಂಬಿಸಬೇಡಿ.

ಬಿದ್ದವರನ್ನು ಎತ್ತಿ ತರುವ ಭಕ್ತರಿಗೆ ಪೊಲೀಸ್ ಭಯ ಇನ್ನೂ ಹೋಗಿಲ್ಲ. ಸುಪ್ರೀಂ ಕೋರ್ಟಿನ 2016ರ ಮಾರ್ಚ್ 30ರ ಆದೇಶದಲ್ಲಿ, ಆಮೇಲೆ 2019ರ ಮೋಟಾರು ವಾಹನ ತಿದ್ದುಪಡಿಯ 134ಎ ಕಲಮಿನಲ್ಲಿ, ಅಪಘಾತದ ಗಾಯಾಳುವಿಗೆ ನೆರವಾದವರಿಗೆ ರಕ್ಷಣೆ ಇದೆ. 108 ಎಂಬ ಸಂಖ್ಯೆ ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಒಂದೇ. ಎಚ್ಚರವಿಲ್ಲದವರ ಬಾಯಿಗೆ ನೀರು ಬಿಡಬೇಡಿ. ಫಿಟ್ಸ್ ಬಂದರೆ ಕೈಗೆ ಕೀಲಿಕೈ, ಮೂಗಿಗೆ ಈರುಳ್ಳಿ ಬೇಡ, ಒಂದು ಮಗ್ಗುಲಿಗೆ ಹೊರಳಿಸಿ ಸಾಕು. ಮೆಟ್ಟಿಲಿಂದ ಇಳಿಸುವಾಗ ಕೈಕಾಲು ಹಿಡಿದು ಜೋತಾಡಿಸದೆ, ತಲೆ ಮತ್ತು ಬೆನ್ನು ಒಂದೇ ನೇರಕ್ಕಿರುವಂತೆ ಹಲಗೆಯ ಮೇಲೆ ತನ್ನಿ.

9. ಮುದುಕರ ಪೆಟ್ಟು ತಡವಾಗಿ ಮಾತಾಡುತ್ತದೆ

ವಯಸ್ಸಾದಂತೆ ಮೆದುಳು ಕುಗ್ಗಿ, ಅದನ್ನೂ ಹೊದಿಕೆಯನ್ನೂ ಸೇರಿಸುವ ಸಣ್ಣ ರಕ್ತನಾಳಗಳು ಬಿಗಿದು ನಿಂತಿರುತ್ತವೆ. ಸಣ್ಣ ಪೆಟ್ಟಿಗೂ ಹರಿದು ರಕ್ತ ನಿಧಾನವಾಗಿ ಸೇರುತ್ತದೆ, ಜಾಗ ಇರುವುದರಿಂದ ಮೊದಲಿಗೆ ಏನೂ ಕಾಣುವುದಿಲ್ಲ. ಮೂರು ನಾಲ್ಕು ವಾರ ಕಳೆದು ಅಜ್ಜಿ ಕಾಲೆಳೆಯುತ್ತಾಳೆ, ಮೊಮ್ಮಗನ ಹೆಸರು ತಪ್ಪುತ್ತಾಳೆ, ಹಗಲೆಲ್ಲ ತೂಕಡಿಸುತ್ತಾಳೆ. ‘ವಯಸ್ಸಾಯ್ತಲ್ಲ’ ಎನ್ನುತ್ತಾರೆ ಮನೆಯವರು. ಬುರುಡೆಗೆ ಒಂದೆರಡು ಸಣ್ಣ ರಂಧ್ರ ಕೊರೆದು ಆ ರಕ್ತ ಹೊರಹಾಕಿದರೆ ಎಷ್ಟೋ ಅಜ್ಜಿಯರು ಮೊದಲಿನಂತಾಗುತ್ತಾರೆ. ಮುಪ್ಪಿನ ಮರೆವೆಂದು ಕೈಬಿಟ್ಟಿದ್ದವರು ಅಡುಗೆಮನೆಗೆ ಮರಳುವುದನ್ನು ಕಂಡಿದ್ದೇನೆ. ಈಚೆಗೆ ಎಲ್ಲಾದರೂ ಬಿದ್ದದ್ದುಂಟೇ ಎಂದು ಒಂದು ಪ್ರಶ್ನೆ ಕೇಳಿದರೆ ಸಾಕು.

10. ಊರಿಗೆ ಮರಳುವ ಟೆಂಪೊ

ನನ್ನನ್ನು ಹೆಚ್ಚು ಕಾಡುವುದು ಇದೇ. ಬುರುಡೆ ಮತ್ತು ಮೆದುಳಿನ ಹೊದಿಕೆಯ ನಡುವೆ ರಕ್ತನಾಳ ಹರಿದವರು ಸ್ವಲ್ಪ ಹೊತ್ತು ಎಚ್ಚರ ತಪ್ಪಿ, ಮತ್ತೆ ಎದ್ದು, ನೀರು ಕುಡಿದು, ನಕ್ಕು ಮಾತಾಡಬಹುದು. ಕೆಲವು ತಾಸು ಚೆನ್ನಾಗಿರುತ್ತಾರೆ, ಆಮೇಲೆ ಕುಸಿಯುತ್ತಾರೆ. ಆ ಕೆಲವು ತಾಸು ಎಲ್ಲಿ ಕಳೆಯುತ್ತದೆ? ಸಾತಾರಾ, ಕೊಲ್ಹಾಪುರದ ಹೆದ್ದಾರಿಯಲ್ಲೋ ಸೊಲ್ಲಾಪುರದ ದಾರಿಯಲ್ಲೋ ಓಡುವ ಟೆಂಪೊದಲ್ಲಿ, ರಾತ್ರಿ, ದಣಿದು ಮಲಗಿದ ಇಪ್ಪತ್ತು ಮಂದಿಯ ನಡುವೆ. ಅವನೂ ಮಲಗಿದ್ದಾನೆ ಎಂದು ಎಲ್ಲರೂ ತಿಳಿಯುತ್ತಾರೆ. ಗೊರಕೆ ಜೋರಾಗಿದ್ದರೆ ಒಳ್ಳೆಯ ನಿದ್ದೆ ಎನ್ನುತ್ತಾರೆ. ಉಸಿರಿನ ದಾರಿ ಅರ್ಧ ಮುಚ್ಚಿದಾಗಲೂ ಅದೇ ಸದ್ದು ಬರುತ್ತದೆ.

ಆದ್ದರಿಂದ ಎಚ್ಚರ ತಪ್ಪಿ ಚೇತರಿಸಿಕೊಂಡವರನ್ನು ಸಿಟಿ ಇಲ್ಲದೆ ಆ ರಾತ್ರಿ ದೂರ ಪ್ರಯಾಣಕ್ಕೆ ಬಿಡಬಾರದು. ಧರ್ಮಶಾಲೆಯಲ್ಲಿ ಒಂದು ದಿನ ಉಳಿಯಲಿ. ಟೆಂಪೊದ ಬಾಡಿಗೆ ಏರುತ್ತದೆ ಎಂದು ಜಗಳ ಬರುತ್ತದೆ, ಬರಲಿ. ಕೇಳದೆ ಹೊರಟೇ ಬಿಟ್ಟರೆ ಒಬ್ಬರ ಹೆಸರು ಹಿಡಿದು ಜವಾಬ್ದಾರಿ ಕೊಡುತ್ತೇನೆ, ಕನ್ನಡದಲ್ಲಿ ಅಚ್ಚು ಹಾಕಿಸಿದ ಚೀಟಿ ಕೊಡುತ್ತೇನೆ: ಎರಡು ತಾಸಿಗೊಮ್ಮೆ ಎಬ್ಬಿಸಿ ಹೆಸರು, ಊರು ಕೇಳಿ. ಏಳದಿದ್ದರೆ, ವಾಂತಿ ಮಾಡಿದರೆ, ತಲೆನೋವು ಏರುತ್ತಿದ್ದರೆ, ಫಿಟ್ಸ್ ಬಂದರೆ, ಕೈಕಾಲು ಸೋತರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ದಾರಿಯ ದೊಡ್ಡ ಊರುಗಳ ಹೆಸರನ್ನೂ ಅದರಲ್ಲೇ ಬರೆದಿರುತ್ತೇನೆ: ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಅತ್ತ ಕಡೆ ಸೊಲ್ಲಾಪುರ. ಓದಲು ಬಾರದವರಿಗೆ ಓದಿ ಹೇಳಿ, ಅವರ ಬಾಯಿಂದ ಮತ್ತೆ ಹೇಳಿಸುತ್ತೇನೆ.

11. ಸಿಟಿ ಸರಿಯಿದ್ದರೂ ಮನುಷ್ಯ ಸರಿಯಿಲ್ಲದಿರಬಹುದು

ಊರು ತಲುಪಿದ ಮೇಲೆ ಫೋನು ಬರುತ್ತದೆ, ಬಹುಪಾಲು ಹೆಂಡತಿಯಿಂದ. “ಸಾಹೇಬ್ರ, ಇವ್ರಿಗೆ ಸಿಟ್ಟು ಭಾಳ ಆಗೇತಿ. ಟಿವಿ ಸಪ್ಪಳಕ್ಕೂ ಒದರತಾರ. ಹೇಳಿದ್ದು ನೆನಪ ಉಳಿಯೂದಿಲ್ಲ.” ಸೌಮ್ಯ ಪೆಟ್ಟಿನ ನಂತರ ತಲೆನೋವು, ತಲೆಸುತ್ತು, ನಿದ್ದೆಗೇಡು, ಮರೆವು, ಸಿಡುಕು ಕೆಲವು ವಾರ ಇರುತ್ತವೆ, ಹೆಚ್ಚಿನವರಲ್ಲಿ ಮೂರು ತಿಂಗಳೊಳಗೆ ಇಳಿಯುತ್ತವೆ. ಇದು ದೆವ್ವವಲ್ಲ, ಸೋಗಲ್ಲ, ಗಂಡನ ಗುಣ ಕೆಟ್ಟದ್ದೂ ಅಲ್ಲ ಎಂದು ಮನೆಯವರಿಗೆ ಮೊದಲೇ ಹೇಳಿ ಕಳಿಸಿದರೆ ಎಷ್ಟೋ ಮನೆಗಳ ಕಲಹ ತಪ್ಪುತ್ತದೆ. ಮೊದಲ ಎರಡು ದಿನ ವಿಶ್ರಾಂತಿ, ಆಮೇಲೆ ನಿಧಾನವಾಗಿ ಕೆಲಸ. ಕುಡಿತ ಬೇಡ. ಎತ್ತರ ಹತ್ತುವ ಕೆಲಸ, ಟ್ರ್ಯಾಕ್ಟರ್, ಬೈಕು ತಲೆಸುತ್ತು ಪೂರ್ತಿ ನಿಂತ ಮೇಲೆಯೇ. ಮೂರು ತಿಂಗಳಾದರೂ ಬಿಡದಿದ್ದರೆ ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ನರರೋಗ ತಜ್ಞರನ್ನು, ಆಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಹೊರರೋಗಿ ವಿಭಾಗವನ್ನು ಕಾಣಲಿ. ಹೋಗುವಾಗ ಹಳೆಯ ಸಿಟಿ ಫಿಲ್ಮು, ನಮ್ಮ ಚೀಟಿ ಎರಡನ್ನೂ ಒಯ್ಯಲು ಹೇಳಿ.